ಸಿಂಕಿನಿಂದ ದೂರದಲ್ಲಿ ಚಿಕ್ಕ ಡಿಶ್‌ವಾಷರ್ ಕೂರಿಸಬಹುದೇ?

ಪ್ರಶ್ನೆ (ಕೋಲಾರದಿಂದ)
ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿ ಸಿಂಕಿನ ಪಕ್ಕ ಒಂದು ತಪ್ಪಲೆ ಇಡುವಷ್ಟೂ ಜಾಗವಿಲ್ಲ. ಎದುರು ಗೋಡೆಯ ಕಟ್ಟೆಯ ಮೇಲೆ 8 ಜನರ ತಟ್ಟೆ ಲೋಟ ಹಿಡಿಯುವ ಡಿಶ್‌ವಾಷರ್ ಇಡಬೇಕೆಂದಿದ್ದೇವೆ. ಬಾಗಿಲನ್ನು ಸುತ್ತಿಕೊಂಡು ಹೋದರೆ ಅಲ್ಲಿಂದ ಸಿಂಕಿಗೆ ಸುಮಾರು 4 ಮೀಟರ್ ಆಗುತ್ತದೆ. ನೀರು ಬರುವ ಮತ್ತು ಹೋಗುವ ಪೈಪುಗಳನ್ನು ಅಷ್ಟು ಉದ್ದ ಎಳೆಯಬಹುದೇ? ನಮ್ಮದು ಬೋರ್‌ವೆಲ್ ನೀರು, ಟ್ಯಾಂಕು ತಾರಸಿಯ ಮೇಲಿದೆ.

ಉತ್ತರ 1
ಎರಡೂ ಪೈಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಗೋಡೆಗುಂಟ ಸಿಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪು ಎಳೆಸಿ, ಯಂತ್ರದ ಪಕ್ಕದಲ್ಲೇ ಮುಕ್ಕಾಲು ಇಂಚಿನ ನಲ್ಲಿ ಕೂರಿಸಿದರೆ ಒಳಬರುವ ನೀರಿಗೆ ದೂರ ಅಡ್ಡಿಯಾಗುವುದಿಲ್ಲ. ತೊಡಕೆಲ್ಲ ಹೊರಹೋಗುವ ನೀರಿನದು: ಅದನ್ನು ತಳ್ಳುವ ಪಂಪು ಚಿಕ್ಕದು, ಪೈಪು ಉದ್ದವಾದಷ್ಟೂ ಅದಕ್ಕೆ ಭಾರ ಹೆಚ್ಚುತ್ತದೆ, ಮಧ್ಯೆ ಜೋತುಬಿದ್ದ ಕಡೆ ಜಿಡ್ಡು ನೀರು ನಿಂತು ನಾಲ್ಕು ದಿನದಲ್ಲಿ ವಾಸನೆ ಹೊಡೆಯುತ್ತದೆ. ಪೈಪಿನ ತುದಿಯನ್ನು ನೆಲದ ಮೋರಿಗೆ ನೇರವಾಗಿ ಇಳಿಬಿಟ್ಟರೆ, ತೊಳೆಯುವ ನೀರು ಕೆಲಸ ಮುಗಿಯುವ ಮೊದಲೇ ತಾನಾಗಿ ಹರಿದುಹೋಗಬಹುದು. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಎತ್ತರಕ್ಕೆ ಏರಿಸಿಯೇ ಇಳಿಸಬೇಕು. ಯುಟಿಲಿಟಿಯಲ್ಲಿ ವಾಷಿಂಗ್ ಮಷೀನ್ ಇದ್ದರೆ ಡಿಶ್‌ವಾಷರನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಅದರ ಪಕ್ಕಕ್ಕೇ ಇಡಿ. ನಲ್ಲಿ, ಮೋರಿ ಎರಡೂ ಅಲ್ಲಿರುತ್ತವೆ. ಪಾತ್ರೆ ಹೊತ್ತುಕೊಂಡು ಹತ್ತು ಹೆಜ್ಜೆ ನಡೆಯುವುದೇ ವಾಸಿ.

ಉತ್ತರ 2
ನೀರಿನ ಒತ್ತಡವನ್ನೂ ನೋಡಿಕೊಳ್ಳಿ. 10 ಮೀಟರ್ ಎತ್ತರದ ನೀರಿಗೆ ಹೆಚ್ಚುಕಡಿಮೆ 1 ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕು ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ಅನೇಕ ಯಂತ್ರಗಳು ಕನಿಷ್ಠ 0.4 ಬಾರ್ ಕೇಳುತ್ತವೆ. ಕೊಳ್ಳುವ ಮೊದಲೇ ಆ ಅಂಕಿಯನ್ನು ಓದಿ, ಸಾಲದಿದ್ದರೆ ಟ್ಯಾಂಕನ್ನು ಎತ್ತರಿಸಿ ಅಥವಾ ಚಿಕ್ಕ ಪ್ರೆಷರ್ ಪಂಪು ಹಾಕಿಸಿ. ವಿದ್ಯುತ್ತಿಗೆ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಉತ್ತರ 3
ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡುಸೆಂಬುದನ್ನು ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿ ಹಕ್ಕಳೆಯೇ ಹೇಳುತ್ತದೆ. ಆದ್ದರಿಂದ ನೀರನ್ನು ಮೆದುಗೊಳಿಸುವ ಉಪ್ಪಿನ ತೊಟ್ಟಿ ಒಳಗೇ ಇರುವ ಮಾದರಿಯನ್ನು ಆರಿಸಿ, ಅದರಲ್ಲಿ ಗಡಸುತನದ ಮಟ್ಟವನ್ನು ನೀರಿಗೆ ತಕ್ಕಂತೆ ಹೊಂದಿಸಿ. ಅಡುಗೆಯ ಪುಡಿ ಉಪ್ಪನ್ನು ಹಾಕಬಾರದು, ಡಿಶ್‌ವಾಷರಿನ ಹರಳು ಉಪ್ಪೇ ಆಗಬೇಕು. ಮುದ್ದೆಯ ಪಾತ್ರೆಯನ್ನು ನೆನೆಸಿ, ತಳದ ಹಿಟ್ಟನ್ನು ಕೆರೆದು ಇಡಿ, ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮುದ್ದೆಕೋಲನ್ನಂತೂ ಕೈಯಲ್ಲೇ ತೊಳೆಯಿರಿ. ಬಿಸಿನೀರಿಗೆ ಮರ ಸೀಳುತ್ತದೆ.