ವೈದ್ಯರನ್ನು ಕೇಳಿ: ಆಪರೇಷನ್‌ಗೆ ಗಂಡನ ಸಹಿ ಬೇಕೇ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 28 ವರ್ಷ. ಮುಂದಿನ ತಿಂಗಳು ಎರಡನೇ ಹೆರಿಗೆ, ಸಿಸೇರಿಯನ್ ಆಗಬಹುದು. "ಅದರ ಜೊತೆಗೇ ಮಕ್ಕಳಾಗದ ಆಪರೇಷನ್ನೂ ಮುಗಿಸಿಬಿಡೋಣ, ಯಜಮಾನ್ರ ಸಹಿ ಹಾಕಿಸ್ಕೊಂಡು ಬಾ" ಅಂದರು ಆಸ್ಪತ್ರೆಯಲ್ಲಿ. ನಿನಗೆ ಬೇಕಾ ಅಂತ ಯಾರೂ ಕೇಳಲಿಲ್ಲ. ಬೇಡ ಅಂದರೆ ಹೆರಿಗೆಯಲ್ಲಿ ಸರಿಯಾಗಿ ನೋಡ್ಕೊಳ್ಳಲ್ವೇನೋ ಅನ್ನೋ ಭಯ.

ಉತ್ತರ (ಸಮುದಾಯ ಆರೋಗ್ಯ ವೈದ್ಯೆ): ಬೇಕಾದದ್ದು ನಿಮ್ಮ ಸಹಿ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಡನ ಒಪ್ಪಿಗೆ ಕಡ್ಡಾಯವಲ್ಲ. ರೂಢಿಯಿಂದ ಕೇಳುತ್ತಾರೆ, ಅಷ್ಟೆ. ನೀವು ಬೇಡ ಅಂದರೆ ಗಂಡ ಹತ್ತು ಸಹಿ ಹಾಕಿದರೂ ಮಾಡುವಂತಿಲ್ಲ. ಹೆರಿಗೆ ಸೇವೆಗೂ ಇದಕ್ಕೂ ಗಂಟು ಹಾಕುವಂತಿಲ್ಲ. ನೋವು ತಿನ್ನುತ್ತಿರುವಾಗ ಕಾಗದ ಮುಂದೆ ಹಿಡಿದರೆ ಅದು ಒಪ್ಪಿಗೆಯೇ ಅಲ್ಲ. ಈಗಲೇ ಹೋಗಿ, ನಿಮ್ಮ ನಿರ್ಧಾರವನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ಶಾಶ್ವತ ಆಪರೇಷನ್ ಬೇಡ, ಮಕ್ಕಳ ನಡುವೆ ಅಂತರವಿದ್ದರೆ ಸಾಕು ಎಂದಾದರೆ ಸಿಸೇರಿಯನ್ ಸಮಯದಲ್ಲೇ ಕಾಪರ್-ಟಿ ಹಾಕಿಸಬಹುದು, ಬೇಕೆಂದಾಗ ತೆಗೆಸಬಹುದು. ಅದಕ್ಕೂ ನಿಮ್ಮನ್ನು ಮೊದಲೇ ಕೇಳಬೇಕು.

ಇನ್ನೊಬ್ಬರು: ಎಲ್ಲರೂ ಹೀಗೆ ಬೇಡ ಅಂದ್ರೆ ಜನಸಂಖ್ಯೆ ಗತಿ ಏನು ಮೇಡಂ? ದೇಶಕ್ಕೋಸ್ಕರ ಸ್ವಲ್ಪ ಒತ್ತಾಯ ತಪ್ಪಾ?

ಉತ್ತರ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಕಡಿಮೆ. ಯಾವ ಸ್ಫೋಟದ ಮಾತಾಡುತ್ತಿದ್ದೀರಿ?

ಒತ್ತಾಯವನ್ನೂ ಈ ದೇಶ ಮಾಡಿ ನೋಡಿದೆ. ತುರ್ತು ಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯಿತು. 1977ರ ಮಾರ್ಚ್‌ನ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಆಮೇಲೆ ಗಂಡಸರ ತಂಟೆಗೆ ಹೋಗುವ ಧೈರ್ಯ ಯಾವ ಪಕ್ಷಕ್ಕೂ ಬರಲಿಲ್ಲ. ಭಾರ ಪೂರ್ತಿ ಹೆಂಗಸರ ಹೊಟ್ಟೆಯ ಮೇಲೆ ಬಿತ್ತು. ಅದೇ ಸಮೀಕ್ಷೆಯಲ್ಲಿ ದೇಶದ ವಿವಾಹಿತ ದಂಪತಿಗಳ ಪೈಕಿ ಆಪರೇಷನ್ ಆದ ಹೆಂಗಸರು 37.9%, ಗಂಡಸರು 0.3%. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಹತ್ತಿರ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ, ಆರೋಗ್ಯ ಹಕ್ಕುಗಳ ಕಾರ್ಯಕರ್ತೆ ದೇವಿಕಾ ಬಿಸ್ವಾಸ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಲು ಹೇಳಿತು. ಅಲ್ಲಿ ಮಲಗಿದ್ದವರಲ್ಲಿ ಉಳ್ಳವರ ಮನೆಯವರು ಯಾರೂ ಇರಲಿಲ್ಲ ಅನ್ನೋದನ್ನು ಬೇರೆ ಹೇಳಬೇಕೆ?

ಅಂದಹಾಗೆ, 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದದ್ದು ನಮ್ಮ ಮೈಸೂರು ಸಂಸ್ಥಾನ. ಬೇಕಾದವರು ಬಂದು ಕೇಳಲಿ ಎಂದು ಬಾಗಿಲು ತೆರೆಯುವುದೇ ಬೇರೆ, ಹೆರಿಗೆ ಮೇಜಿನ ಮೇಲೆ ಕಾಗದ ಚಾಚುವುದೇ ಬೇರೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಯಜಮಾನ್ರಿಗೆ ಓದಿ ಹೇಳಿದೆ. "ನಾನೇ ಆಪರೇಷನ್ ಮಾಡಿಸ್ಕೊಳ್ಳಬಹುದು, ಆದರೆ ನಂದು ಭಾರ ಎತ್ತೋ ಕೆಲಸ, ಶಕ್ತಿ ಹೋಗುತ್ತಂತಲ್ಲ" ಅಂತಾರೆ.

ಉತ್ತರ: ಹೋಗಲ್ಲ. ಗಂಡಸರದ್ದು ಹೊಲಿಗೆಯಿಲ್ಲದ ಸಣ್ಣ ಚಿಕಿತ್ಸೆ. ವೀರ್ಯನಾಳ ಮುಚ್ಚುತ್ತಾರೆ, ಹಾರ್ಮೋನು ಎಂದಿನಂತೆ ರಕ್ತಕ್ಕೆ ಸೇರುತ್ತದೆ. ನಿಮ್ಮ ಆಪರೇಷನ್‌ನಂತೆ ಹೊಟ್ಟೆ ಕೊಯ್ಯುವುದಿಲ್ಲ. ಒಂದು ವಾರ ಭಾರ ಎತ್ತದಿದ್ದರೆ ಸಾಕು. ಆದರೆ ಇದು ಶಾಶ್ವತ ಅಂತ ತಿಳಿದೇ ಒಪ್ಪಲಿ, ಅವರ ಮೇಲೂ ಒತ್ತಾಯ ಬೇಡ. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವರದಿ ಸರಿ ಬರುವ ತನಕ ಕಾಂಡೋಮ್ ಬಿಡಬೇಡಿ.