ದೊಡ್ಡ ಕಂಪನಿಯ ಟೌನ್‌ಶಿಪ್ಪೋ, ಧಾಯರಿಯ 24 ಫ್ಲ್ಯಾಟಿನ ಕಟ್ಟಡವೋ?

ಪ್ರಶ್ನೆ: ನಮಸ್ಕಾರ ಸರ್. ನಾವು ಬಾಗಲಕೋಟಿಯವರು, ಪುಣೆಯ ವಾಕಡ್‌ನಾಗ ಬಾಡಿಗೆಗೆ ಇದ್ದೀವಿ. ನನ್ನ ಹೆಸರಿಗೆ ಎರಡು ಬೆಡ್‌ರೂಮಿನ ಮನೆ ತಗೋಬೇಕಂತ ಮಾಡೀವಿ. ಹಿಂಜವಡಿ ಕಡೆ ಹೆಸರಾಂತ ಕಂಪನಿಯ ಟೌನ್‌ಶಿಪ್ ಅದ, 84 ಲಕ್ಷ, ಈಗ ಪಾಯಾ ತೆಗೀಲಿಕ್ಕತ್ತಾರ. ಇನ್ನೊಂದು ಧಾಯರಿಯಾಗ ಅಲ್ಲಿಯವರೇ ಒಬ್ಬರು ಕಟ್ಟೋ 24 ಫ್ಲ್ಯಾಟಿನ ಕಟ್ಟಡ, 72 ಲಕ್ಷ, ಪ್ಲಾಸ್ಟರ್ ನಡೆದದ. ಅವರು 15 ಲಕ್ಷ ಕೊಟ್ಟು ಬುಕ್ ಮಾಡ್ರಿ, ಅಗ್ರಿಮೆಂಟ್ ದಸರಾ ಆದಮ್ಯಾಲೆ ಮಾಡೋಣು ಅಂತಾರ. ನಮ್ಮ ಮನೆಯವರಿಗೆ ದೊಡ್ಡ ಹೆಸರಿನ ಮ್ಯಾಲೆ ನಂಬಿಕಿ, ನನಗ ಕಣ್ಣಿಗೆ ಕಾಣೋ ಗೋಡೆ ಮ್ಯಾಲೆ. ನೀವು ಸಿವಿಲ್ ಎಂಜಿನಿಯರ್, ಏನಂತೀರಿ?

ಉತ್ತರ: ನಮಸ್ಕಾರ ಅಕ್ಕಾರ. ಮೊದಲು ಆ 15 ಲಕ್ಷ ಕೊಡಬ್ಯಾಡ್ರಿ. ರೇರಾ, ಅಂದ್ರ ಮನೆ ಕೊಳ್ಳೋರ ರಕ್ಷಣೆಗಿರೋ ರಿಯಲ್ ಎಸ್ಟೇಟ್ ಕಾಯ್ದೆ, ಅದರ 13ನೇ ಕಲಮಿನ ಪ್ರಕಾರ ಅಗ್ರಿಮೆಂಟ್ ರಿಜಿಸ್ಟರ್ ಆಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ತಗೊಳ್ಳಂಗಿಲ್ಲ. ನಿಮ್ಮ ಲೆಕ್ಕಕ್ಕೆ 7.2 ಲಕ್ಷ. ಇದನ್ನ ಅವರಿಗೆ ಹೇಳ್ರಿ. ರಿಜಿಸ್ಟ್ರಿಗೆ ತಯಾರಾದರೆ ಮುಂದಿನ ಮಾತು, ಇಲ್ಲಂದ್ರ ಗೋಡೆ ಎಷ್ಟೇ ಚಂದ ಇರಲಿ, ಬಿಟ್ಟುಬಿಡ್ರಿ.

ಬಿಲ್ಡರ್ ಎಷ್ಟು ದೊಡ್ಡವರು ಅನ್ನೋದಕ್ಕಿಂತ, ನೀವು ತಗೊಳ್ಳೋ ಕಟ್ಟಡ ಎಲ್ಲಿಗೆ ಬಂದದ, ಕಾಗದದ ಮ್ಯಾಲೆ ಯಾರ ಹೆಸರು ಅದ, ಅದನ್ನ ನೋಡ್ರಿ. ಟೌನ್‌ಶಿಪ್ಪಿನ ನೋಂದಣಿ ನಂಬರು ಮಹಾರೇರಾ (ಮಹಾರಾಷ್ಟ್ರದ ರೇರಾ ಪ್ರಾಧಿಕಾರ) ವೆಬ್‌ಸೈಟಿನಾಗ ಹಾಕಿ ಪ್ರಮೋಟರ್, ಅಂದ್ರ ಕಾಗದದ ಮ್ಯಾಲಿನ ಬಿಲ್ಡರ್ ಹೆಸರು ಓದ್ರಿ. ಬೋರ್ಡಿನ ಮ್ಯಾಲೆ ದೊಡ್ಡ ಹೆಸರು, ಒಳಗ ಆ ಒಂದು ಪ್ರಾಜೆಕ್ಟಿಗಂತ ಮಾಡಿದ ಬ್ಯಾರೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಇರೋದು ಇಲ್ಲಿ ಸಾಮಾನ್ಯ. ನಾಳೆ ತಕರಾರು ಬಂದ್ರ ನಿಮ್ಮ ಅಗ್ರಿಮೆಂಟ್ ಇರೋದು ಆ ಎಲ್‌ಎಲ್‌ಪಿ ಜೊತಿಗೆ. ಮತ್ತ ಹಂತಹಂತಕ್ಕ ಬ್ಯಾರೆ ಬ್ಯಾರೆ ನೋಂದಣಿ, ಬ್ಯಾರೆ ಗಡುವು. ಕ್ಲಬ್‌ಹೌಸ್ ಕಡೇ ಹಂತದಾಗ ಇಟ್ಟಿದ್ರ ನಿಮಗ ಕೀಲಿ ಸಿಕ್ಕ ಮ್ಯಾಲೂ ವರ್ಷಗಟ್ಟಲೆ ಕಾಯಬೇಕಾದೀತು. ಇಡೀ ಲೇಔಟಿನ ಜಾಗ ಸೊಸೈಟಿಗಳ ಹೆಸರಿಗೆ ಆಗೋ ಕನ್ವೇಯನ್ಸ್ ಕೂಡ ಹಂಗೇ ಎಳೀತದ. ಅಲ್ಲಿತನಕ ಬಾಡಿಗಿ ಒಂದು ಕಡೆ, ಸಾಲದ ಬಡ್ಡಿ ಒಂದು ಕಡೆ.

ಧಾಯರಿ ಕಟ್ಟಡಕ್ಕ ಬಣ್ಣ ಬೀಳೋದರೊಳಗ ಹೋಗ್ರಿ. ಬಣ್ಣ ಬಿದ್ದಮ್ಯಾಲೆ ನಮಗೂ ಒಳಗಿಂದು ಕಾಣಂಗಿಲ್ಲ. ಪಾರ್ಕಿಂಗಿನ ಕಾಲಂ ಬುಡದಾಗ ಕಾಂಕ್ರೀಟು ತೂತುತೂತಾಗಿ ಸರಳು ಕಾಣಸ್ತದೇನು ನೋಡ್ರಿ. ಪ್ಲಾಸ್ಟರ್ ಮ್ಯಾಲೆ ನಾಣ್ಯದಿಂದ ತಟ್ಟ್ರಿ, ಟೊಳ್ಳು ಸಪ್ಪಳ ಬಂದಲ್ಲಿ ಅದು ಗೋಡೆ ಹಿಡಿದಿಲ್ಲ. ಎಲ್ಲಕ್ಕಿಂತ ಹೆಚ್ಚಿಂದು ಬಾತ್‌ರೂಮು. ವಾಟರ್‌ಪ್ರೂಫಿಂಗ್ ಆದಮ್ಯಾಲೆ, ಟೈಲ್ಸ್ ಕೂಡಸೋದಕ್ಕ ಮೊದಲು ನೀರು ನಿಲ್ಲಿಸಿ ಎರಡು ದಿನ ಬಿಟ್ಟು ಕೆಳಗಿನ ಮನೆ ಛತ್ತು ನೋಡಬೇಕು. ಹಸಿ ಕಲೆ ಕಂಡ್ರ ಮತ್ತ ಮಾಡಿಸ್ರಿ. ಸಣ್ಣ ಸೈಟಿನಾಗ ಅವಸರಕ್ಕ ಮೊದಲು ಬಿಟ್ಟುಹೋಗೋದು ಇದೇ ಕೆಲಸ, ಅಲ್ಲಿ ನಿಂತು ಮಾಡಿಸ್ಕೊಳ್ರಿ.

ಪೊಸೆಷನ್ ಆದ 5 ವರ್ಷದೊಳಗ ತಿಳಿಸಿದ ಕಟ್ಟಡದ ದೋಷವನ್ನ ಬಿಲ್ಡರ್ 30 ದಿನದಾಗ ಪುಕ್ಕಟೆ ಸರಿ ಮಾಡಿಕೊಡಬೇಕು, ಕಾಯ್ದೆ ಇಬ್ಬರಿಗೂ ಒಂದೇ. ಆದ್ರ ಫೋನ್ ಮಾಡಿದಾಗ ಬರೋ ಮನಷ್ಯಾ ಹೌದೋ ಅಲ್ಲೋ ತಿಳಿಯಬೇಕಂದ್ರ, ಅವರು ಹಿಂದ ಕಟ್ಟಿದ ಕಟ್ಟಡಕ್ಕ ಹೋಗಿ ಸೊಸೈಟಿ ಚೇರ್ಮನ್ನರನ್ನ ಕಾಣ್ರಿ. ಕಂಪ್ಲೀಶನ್ ಸರ್ಟಿಫಿಕೇಟ್ (ಕಟ್ಟಡ ಮುಗಿದದ ಅನ್ನೋ ಸರ್ಕಾರಿ ಪತ್ರ) ಸಿಕ್ಕದೇನು, ಕನ್ವೇಯನ್ಸ್ ಆಗೇದೇನು, ನೀರು ನಳದ್ದೋ ಟ್ಯಾಂಕರಿಂದೋ ಕೇಳ್ರಿ.

ಇಷ್ಟೆಲ್ಲಾ ಸರಿ ಬಂದ್ರ ನಾನು ಧಾಯರಿ ಅಂತೀನಿ. ನಿಮ್ಮೊಬ್ಬರ ಹೆಸರಿಗೇ ಮಾಡಿಸ್ರಿ, ಹೆಣ್ಣುಮಕ್ಕಳ ಹೆಸರಿಗಾದ್ರ ಸ್ಟ್ಯಾಂಪ್ ಡ್ಯೂಟಿ ಶೇ 7ರ ಬದಲು ಶೇ 6 ಆಗ್ತದ.

ಇನ್ನೊಬ್ಬರ ಪ್ರಶ್ನೆ: ಸರ್, ನಾನು ಕೋಥರೂಡ್‌ನಲ್ಲಿ ಆರೇ ಫ್ಲ್ಯಾಟಿನ ಹೊಸ ಕಟ್ಟಡ ನೋಡ್ತಿದ್ದೇನೆ. ರೇರಾ ನಂಬರೇ ಬೇಕಾಗಿಲ್ಲ ಅಂತಾರೆ. ಮೋಸವಾ?

ಉತ್ತರ: ಮೋಸ ಅಲ್ರಿ. 8 ಫ್ಲ್ಯಾಟ್ ಮೀರದ ಕಟ್ಟಡಕ್ಕ ನೋಂದಣಿ ಕಡ್ಡಾಯ ಇಲ್ಲ. ಆದ್ರ ವೆಬ್‌ಸೈಟಿನಾಗ ಕುಂತಲ್ಲೇ ಸಿಗೋ ಕಾಗದಾನೆಲ್ಲ ನೀವೇ ಕೇಳಿ ತಗೋಬೇಕಾಗ್ತದ: ಪಾಲಿಕೆ ಮಂಜೂರು ಮಾಡಿದ ನಕಾಶೆ, ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ (ಕಟ್ಟಲಿಕ್ಕೆ ಶುರು ಮಾಡೋ ಪರವಾನಗಿ), ಪ್ರಾಪರ್ಟಿ ಕಾರ್ಡ್ (ಜಾಗ ಯಾರ ಹೆಸರಿಗೆ ಅದ ಅನ್ನೋ ದಾಖಲೆ). ಮ್ಯಾಲೆ 30 ವರ್ಷದ ಸರ್ಚ್ ರಿಪೋರ್ಟ್, ಅಂದ್ರ ಆ ಜಾಗದ ಹಿಂದಿನ ವ್ಯವಹಾರ, ಸಾಲ ಹುಡುಕಿ ಬರೆದ ವರದಿ, ಅದನ್ನ ಬಿಲ್ಡರ್ ತೋರಿಸಿದ ವಕೀಲರ ಕಡೆಯಿಂದ ಅಲ್ಲ, ನೀವೇ ಹಿಡಿದ ವಕೀಲರ ಕಡೆಯಿಂದ ತೆಗೆಸ್ರಿ. ನಕಾಶೆ ಕೈಗೆ ಬಂದಮ್ಯಾಲೆ ಇಲ್ಲೇ ಹಾಕ್ರಿ, ಕಟ್ಟಿದ್ದಕ್ಕೂ ಅದಕ್ಕೂ ತಾಳೆ ಆಗ್ತದೇನು ನೋಡಿ ಹೇಳ್ತೀನಿ.