‘ಕಂಡೆನ್ಸೇಟ್’ ನೀರಿಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಕಂಡೆನ್ಸೇಟ್, ಅಂದರೆ ಆವಿ ತಣಿದು ಆಗುವ ನೀರು, ಅದಕ್ಕೆ ಒಂದು ಪದ ಕೇಳಲು ಬರೆಯುತ್ತಿದ್ದೇನೆ. ಹಿನ್ನೆಲೆ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಇಲ್ಲಿ ಹೊಸದಲ್ಲ. ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ರಾತ್ರಿಯಿಡೀ ನಿಂತರೆ ವಯಸ್ಸಾದವರ ಜೀವಕ್ಕೇ ಕುತ್ತು. ಹೋದ ಚಳಿಗಾಲ ಸಾಗರದಿಂದ ಅಪ್ಪ, ಅಮ್ಮ ಬಂದಿದ್ದರು. ಹಗಲು ಮನೆಯಲ್ಲಿ ಅವರಿಬ್ಬರೇ. ಫರ್ನೇಸ್ ನಿಂತರೆ ಏನು ಮಾಡಬೇಕೆಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅದರ ಪಕ್ಕದ ಗೋಡೆಗೆ ಅಂಟಿಸಿದೆ.

ಈ ಹೊಸ ಬಗೆಯ ಫರ್ನೇಸ್ ಕೆಲಸ ಮಾಡುವ ರೀತಿ ಹೀಗಿದೆ. ಹಳೆಯ ಬಗೆಯದು ಗ್ಯಾಸಿನ ಶಾಖದಲ್ಲಿ ನೂರಕ್ಕೆ ಸುಮಾರು 80 ಪಾಲು ಮನೆಗೆ ಕೊಟ್ಟು ಉಳಿದದ್ದನ್ನು ಚಿಮಣಿಯಲ್ಲಿ ಕಳೆಯುತ್ತದೆ. ಹೊಸದು 90 ಪಾಲನ್ನು ದಾಟುತ್ತದೆ. ಒಂದು ಕಿಲೋ ಮೀಥೇನ್ ಉರಿದಾಗ ಸುಮಾರು 2.25 ಕಿಲೋ ನೀರು ಆವಿಯಾಗಿ ಹೊಗೆಯ ಜೊತೆ ಹೊರಡುತ್ತದೆ. ಹೊಸ ಫರ್ನೇಸ್ ಆ ಹೊಗೆಯನ್ನು ಚೆನ್ನಾಗಿ ತಣಿಸಿ, ಆವಿಯ ಸಾಕಷ್ಟು ಪಾಲನ್ನು ನೀರಾಗಿಸಿ, ಅದರ ಗುಪ್ತೋಷ್ಣವನ್ನೂ, ಅಂದರೆ ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖವನ್ನೂ, ಹೀರಿಕೊಳ್ಳುತ್ತದೆ. ಹಾಗೆ ಹುಟ್ಟಿದ ನೀರು ಸಣ್ಣ ಪಿವಿಸಿ ಪೈಪಿನಲ್ಲಿ ತೊಟ್ಟಿಕ್ಕುತ್ತ ಹೊರಗೆ ಹೋಗಬೇಕು. ನಮ್ಮ ಬಾಡಿಗೆ ಮನೆಯಲ್ಲಿ ಆ ಪೈಪು ಬಿಸಿಯಿಲ್ಲದ ಗ್ಯಾರೇಜಿನ ಗೋಡೆಗುಂಟ ಹಾದು ಹೊರಬೀಳುತ್ತಿತ್ತು. ತೊಟ್ಟಿಕ್ಕುವ ನೀರು ಅಲ್ಲಿ ಐಸಾಗಿ ಪೈಪು ಮುಚ್ಚಿಹೋಗುತ್ತದೆ, ನೀರು ಹಿಂದಕ್ಕೆ ತುಂಬುತ್ತದೆ, ಒತ್ತಡದ ಸ್ವಿಚ್ಚು ಫರ್ನೇಸನ್ನು ನಿಲ್ಲಿಸಿಬಿಡುತ್ತದೆ. 2010ರ ಡಿಸೆಂಬರಿನ ಚಳಿಯಲ್ಲಿ ಬ್ರಿಟನ್ನಿನ ಎಷ್ಟೋ ಮನೆಗಳನ್ನು ಬೆಚ್ಚಗಿಡುವ ಬಾಯ್ಲರುಗಳು ನಿಂತದ್ದೂ ಇದೇ ಕಾರಣಕ್ಕೆ.

ನಾನು ಬರೆದ ಸಾಲು ಇದು: ‘ಘನೀಕರಣದ ನೀರು ಹೋಗುವ ಪೈಪು ಘನೀಕರಿಸಿದ್ದರೆ ಅದರ ಮೇಲೆ ಬಿಸಿನೀರು ಸುರಿಯಿರಿ.’

ಫರ್ನೇಸ್ ನಿಂತ ದಿನ ಅಪ್ಪ ಕಚೇರಿಗೆ ಫೋನ್ ಮಾಡಿದರು. ಕನ್ನಡಕ ಹಾಕಿಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿ, ‘ಘನೀಕರಿಸಿದ ನೀರು ಅಂದರೆ ಐಸೇ ಅಲ್ಲವೇ? ಐಸು ಪೈಪಿನಲ್ಲಿ ಹೋಗುವುದು ಹೇಗೆ?’ ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಆವಿ ನೀರಾಗುವುದನ್ನೂ ನೀರು ಐಸಾಗುವುದನ್ನೂ ನಾನು ಒಂದೇ ಪದದಲ್ಲಿ ಹೇಳಿದ್ದೆ. ‘ಆವಿ ಘನೀಕರಿಸಿ ಮಳೆಯಾಗುತ್ತದೆ’ ಎಂದು ಬರೆಯುವವರು ನಮ್ಮಲ್ಲಿ ಬಹಳ ಮಂದಿ, ನನಗೂ ಅದೇ ರೂಢಿ. ಘನ ಎಂದರೆ ಗಟ್ಟಿ. ನೀರು ಗಟ್ಟಿಯಲ್ಲ.

ಹೆಪ್ಪುಗಟ್ಟುವುದರ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಹಾಲು, ರಕ್ತ ಹೆಪ್ಪುಗಟ್ಟುವಂತೆ ಸರೋವರವೂ ಹೆಪ್ಪುಗಟ್ಟುತ್ತದೆ ಎಂದು ಪತ್ರಿಕೆಗಳು ಬರೆಯುತ್ತವೆ, ಓದುಗರಿಗೆ ಅರ್ಥವಾಗುತ್ತದೆ. ‘ಪೈಪು ಕಟ್ಟಿಕೊಂಡಿದೆ’ ಎಂದು ಮಾತ್ರ ಬರೆಯಬಾರದು. ಲೋಳೆ, ಕಸ ತುಂಬಿದರೂ ಕಟ್ಟಿಕೊಳ್ಳುತ್ತದೆ, ಅದಕ್ಕೆ ಮದ್ದು ಬೇರೆ.

ತೊಡಕಿರುವುದು ಆ ನೀರಿನ ಹೆಸರಿನಲ್ಲಿ. ಪಠ್ಯಪುಸ್ತಕದ ‘ಸಾಂದ್ರೀಕರಣ’ ಅರ್ಥದಲ್ಲಿ ಸರಿ. ಆದರೆ ‘ಸಾಂದ್ರೀಕೃತ ನೀರು’ ಎಂದರೆ ಏನನ್ನೋ ಕಾಯಿಸಿ ಮಂದ ಮಾಡಿದ ನೀರಿನಂತೆ ಕೇಳುತ್ತದೆ. ‘ಭಟ್ಟಿನೀರು’ ಎಂದು ಒಬ್ಬ ಸ್ನೇಹಿತರು ಸೂಚಿಸಿದರು. ಅದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಭಟ್ಟಿ ಇಳಿಸಿದ ನೀರೆಂದರೆ ಶುದ್ಧ, ಬ್ಯಾಟರಿಗೆ ಹಾಕಬಹುದು ಎಂದು ಜನ ತಿಳಿದಿದ್ದಾರೆ. ಈ ನೀರು ಹೊಗೆಯ ಅನಿಲಗಳನ್ನು ಕರಗಿಸಿಕೊಂಡು ಆಮ್ಲೀಯವಾಗಿರುತ್ತದೆ, ಲೋಹವನ್ನು ತಿನ್ನುತ್ತದೆ. ಪೈಪು ಪ್ಲಾಸ್ಟಿಕ್ಕಿನದ್ದಾಗಿರುವುದೂ ಅದಕ್ಕೇ.

ಅಂದು ಸಂಜೆ ನಾನು ವಿವರಿಸಿದ್ದನ್ನೆಲ್ಲ ಕೇಳಿ ಅಮ್ಮ, ‘ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಒಳಗಿನಿಂದ ತೊಟ್ಟಿಕ್ಕುತ್ತದಲ್ಲ, ಆ ಹಬೆನೀರು ತಾನೇ?’ ಎಂದರು. ಆ ನೀರು ಇಡ್ಲಿಯ ಮೇಲೆ ಬೀಳದಂತೆ ಮುಚ್ಚಳವನ್ನು ಓರೆಮಾಡಿ ಥಟ್ಟನೆ ಎತ್ತುವ ಅವರ ಕೈ ಕಣ್ಣೆದುರು ಬಂತು. ಆವಿ, ತಣ್ಣನೆಯ ಲೋಹ, ಹನಿ, ಮೂರೂ ಅದರಲ್ಲಿವೆ. ‘ಬೆವರುನೀರು’ ಎಂಬ ಇನ್ನೊಂದು ಮಾತೂ ಬಂತು. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದೆ ಎನ್ನುತ್ತೇವಲ್ಲ! ಆದರೆ ಹಾಗೆ ಬರೆದರೆ ನೀರು ಪೈಪಿನ ಹೊರಮೈಯಲ್ಲಿದೆ ಎಂದು ತಿಳಿಯುವ ಅಪಾಯವಿದೆ. ನನ್ನ ಒಲವು ‘ಹಬೆನೀರು’ ಕಡೆಗೆ. ಹಬೆ ಎಂದರೆ ಕುದಿಯುವ ನೀರಿನದ್ದು, ಹೊಗೆಯೊಳಗಿನ ಆವಿಗೆ ಅದು ಒಗ್ಗುವುದೇ ಎಂಬ ಅನುಮಾನ ಮಾತ್ರ ಉಳಿದಿದೆ.

ಪೈಪಿಗೆ ಅಪ್ಪ ಕೊಟ್ಟ ಪದ ‘ಬಸಿಗೊಳವೆ’. ಅಡಿಕೆ ತೋಟದಲ್ಲಿ ನೀರು ನಿಲ್ಲದಂತೆ ತೆಗೆಯುವ ಬಸಿಗಾಲುವೆಯ ಜೊತೆ ಬದುಕಿದವರು ಅವರು. ‘ಚರಂಡಿ’ ಎಂದರೆ ಬೀದಿ ನೆನಪಾಗುತ್ತದೆ, ‘ಬಸಿ’ ಎಂದರೆ ಮೆಲ್ಲಗೆ ಇಳಿಯುವ ನೀರು. ಇಳಿಜಾರಿಗೆ ನಮ್ಮ ಗಾರೆಯವರ ‘ವಾಟ’ ಇದ್ದೇ ಇದೆ. ಬಸಿಗೊಳವೆಗೆ ಮೀಟರಿಗೆ ಸುಮಾರು 2 ಸೆಂಟಿಮೀಟರ್ ವಾಟ ಇರಬೇಕು, ನಡುವೆ ಎಲ್ಲಿಯೂ ಜೋತುಬೀಳಬಾರದು, ಜೋತ ಕಡೆ ನಿಂತ ನೀರೇ ಮೊದಲು ಹೆಪ್ಪುಗಟ್ಟುತ್ತದೆ. ಇದನ್ನು ‘ಇಳಿಜಾರು’ ಎಂದು ಬರೆದಿದ್ದೆ. ಅಪ್ಪ ಅದನ್ನು ಹೊಡೆದು ಹಾಕಿ ‘ವಾಟ’ ಎಂದು ತಿದ್ದಿದರು.

ಇನ್ನೊಂದು ಪದ ನನ್ನನ್ನು ಇಂದಿಗೂ ಕಾಡುತ್ತಿದೆ. ಚಳಿ ತಾಗದಂತೆ ಪೈಪಿಗೆ ಸುತ್ತುವ ಇನ್ಸುಲೇಶನ್‌ಗೆ ‘ಹೊದಿಕೆ’ ಎಂದು ಬರೆದಿದ್ದೆ. ಅಮ್ಮ ಓದಿ, ‘ಹೊದಿಕೆ ಹೊದಿಸಿದೆಯಲ್ಲ, ಇನ್ನು ಬೆಚ್ಚಗಿರುತ್ತದೆ ಬಿಡು’ ಎಂದರು. ಕಂಬಳಿ ನಮ್ಮನ್ನು ಬೆಚ್ಚಗಿಡುವುದು ನಮ್ಮ ಮೈಯಲ್ಲಿ ಶಾಖ ಹುಟ್ಟುತ್ತಿರುವುದರಿಂದ. ಪೈಪಿನೊಳಗೆ ಹುಟ್ಟುವ ಶಾಖವಿಲ್ಲ, ಹೊದಿಕೆ ತಣಿಯುವುದನ್ನು ತಡಮಾಡುತ್ತದೆ ಅಷ್ಟೆ. ಕಡುಚಳಿ ಎಡೆಬಿಡದೆ ಹಿಡಿದರೆ ಹೊದಿಕೆಯೊಳಗೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಪೈಪಿನ ಉದ್ದಕ್ಕೂ ವಿದ್ಯುತ್ತಿನಿಂದ ಬಿಸಿಯಾಗುವ ಪಟ್ಟಿ ಕಟ್ಟಿ, ಅದರ ಮೇಲೆ ಹೊದಿಕೆ ಹಾಕಬೇಕು. ಪಟ್ಟಿ ತನ್ನ ಬಿಸಿಯನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುವಂಥದ್ದೂ ಪ್ಲಾಸ್ಟಿಕ್ ಪೈಪಿಗೆ ಒಪ್ಪುವಂಥದ್ದೂ ಆಗಿರಬೇಕು. ಇದನ್ನು ‘ಕಾವುಪಟ್ಟಿ’ ಎಂದು ಕರೆದಿದ್ದೇನೆ, ಕೋಳಿ ಮೊಟ್ಟೆಗೆ ಕೊಡುವ ಕಾವಿನಂತೆ ಹದವಾದ, ಬಿಡದ ಬಿಸಿ. ಹೊದಿಕೆಗೆ ಬದಲಾಗಿ ‘ಚಳಿತಡೆ’ ಎಂದರೆ ಹೇಗೆ? ಕೆಲಸ ತಡೆಯುವುದಷ್ಟೇ ಎಂಬುದು ಹೆಸರಿನಲ್ಲೇ ಬರುತ್ತದೆ.

‘ಬಿಸಿನೀರು’ ಎಂದದ್ದೂ ತಪ್ಪೇ. ಕುದಿಯುವ ನೀರು ಸುರಿದರೆ ಚಳಿಗೆ ಪೆಡಸಾದ ಪೈಪು ಬಿರಿಯಬಹುದು, ಸುರಿಯುವವರ ಕೈಯೂ ಸುಡಬಹುದು. ಈಗ ‘ಸ್ನಾನದ ನೀರಿನ ಹದ’ ಎಂದು ತಿದ್ದಿದ್ದೇನೆ. ಆ ಹದ ಹೇಳಲು ಮಾಪಕ ಬೇಡ.

ಈ ಡಿಸೆಂಬರಿನಲ್ಲಿ ಅಪ್ಪ, ಅಮ್ಮ ಮತ್ತೆ ಬರುತ್ತಾರೆ. ಇಲ್ಲಿನ ಕೆಲವು ಕನ್ನಡದ ಮನೆಗಳವರೂ ಹಾಳೆಯ ಪ್ರತಿ ಕೇಳಿದ್ದಾರೆ. ಈಗಿನ ಸಾಲು: ‘ಹಬೆನೀರಿನ ಬಸಿಗೊಳವೆ ಹೆಪ್ಪುಗಟ್ಟಿದ್ದರೆ, ಹೊರಬಾಯಿಯ ಕಡೆಯಿಂದ ಸ್ನಾನದ ಹದದ ನೀರನ್ನು ನಿಧಾನವಾಗಿ ಕೊಳವೆಯ ಮೇಲೆ ಸುರಿಯಿರಿ.’

ನನ್ನ ಪ್ರಶ್ನೆಗಳು ಇಷ್ಟು. ಮುಚ್ಚಳದಿಂದ ತೊಟ್ಟಿಕ್ಕುವ ಆ ನೀರಿಗೆ ನಿಮ್ಮ ಊರಿನ ಅಡುಗೆಮನೆಯಲ್ಲಿ ಬೇರೆ ಹೆಸರಿದೆಯೇ? ಬಯಲುಸೀಮೆಯವರಿಗೆ ‘ಬಸಿಗೊಳವೆ’ ಎಂದರೆ ತಕ್ಷಣ ಹೊಳೆಯುತ್ತದೆಯೇ, ಅಥವಾ ‘ಪೈಪು’ ಎಂದೇ ಬಿಡಲೇ? ‘ಚಳಿತಡೆ’ ಎಂದು ಓದಿದಾಗ ನಿಮಗೆ ಮೊದಲು ಕಂಡದ್ದು ಏನು?